ಏರುಪೇರಿನ ಎರಡು ಜಡೆ

ಶಿವಮೊಗ್ಗದಲ್ಲಿ ಒಂದು ಕಾಲಕ್ಕೆ ಯಾವ ಆಟೋದ ಹಿಂದೆ ನಿಂತರೂ ಅವಳ ಚಿತ್ರವೇ ಕಾಣುತ್ತಿತ್ತು. ಎರಡು ಜಡೆ ಹಾಕಿಕೊಂಡ ಒಬ್ಬ ಹುಡುಗಿಯ ಬೆನ್ನು. ಮುಖವಿಲ್ಲ, ಪಾದವಿಲ್ಲ. ಎಡಗಡೆಯ ಜಡೆ ಮೇಲೆ, ಬಲಗಡೆಯದು ಅದಕ್ಕಿಂತ ನಾಲ್ಕು ಬೆರಳು ಕೆಳಗೆ. ಅದರ ಅಡಿಯಲ್ಲಿ ಡ್ರೈವರುಗಳು ತಮಗೆ ತೋಚಿದ್ದು ಬರೆಸಿಕೊಳ್ಳುತ್ತಿದ್ದರು. 'ಹಿಂದೆ ಬಾ, ಮುಂದೆ ಹೋಗ್ಬೇಡ' ಎಂದು ಒಬ್ಬ, 'ತಿರುಗಿ ನೋಡಲ್ಲ' ಎಂದು ಇನ್ನೊಬ್ಬ. ನಾನು ಸಿಟಿ ಬಸ್ಸಿನ ಕಿಟಕಿಯಲ್ಲಿ ಕೂತು, ಮಡಿಲಲ್ಲಿ ಡಿಗ್ರಿಯ ಪುಸ್ತಕಗಳನ್ನಿಟ್ಟುಕೊಂಡು, ಸಿಗ್ನಲ್ಲಿನಲ್ಲಿ ಎದುರಿಗೇ ನಿಂತ ಆ ಬೆನ್ನನ್ನು ನೋಡುತ್ತಿದ್ದೆ. ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು. ಅದು ಅಲಂಕಾರದ ಮಾತಲ್ಲ. ಬೆಳಿಗ್ಗೆ ತಿಂಡಿ ತಿನ್ನದೆ ಹೊರಟಾಗ ಬರುವಂಥ ಉರಿಯೇ ಅದು, ತಿಂಡಿ ತಿಂದ ಮೇಲೂ ಬರುತ್ತಿತ್ತು.

ಆ ಚಿತ್ರವನ್ನು ಮೊದಲು ಬರೆದವಳು ನನ್ನ ಸಹಪಾಠಿ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವಳಪ್ಪನದು ಬಳೆ ಅಂಗಡಿ. ನಮ್ಮಪ್ಪ ಕಾರ್ಖಾನೆಯಲ್ಲಿ ಕ್ರೇನಿಗೆ ಸರಕು ಕಟ್ಟುವ ಕೆಲಸದಲ್ಲಿದ್ದರು. ಅಮ್ಮ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸಿ ನೆಲ ಒರೆಸುತ್ತಿದ್ದಳು. ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಿದ್ದಳು. ಆಮೇಲೆ ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪನೇ ನನಗೆ ನೀರು ಕಾಯಿಸಿ, ತಲೆ ಬಾಚಿ, ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸುತ್ತಿದ್ದುದು. ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಹತ್ತನೇ ಕ್ಲಾಸು ದಾಟಿದ ಹೆಣ್ಣುಮಗಳು ಆಗ ಇರಲಿಲ್ಲ. ಪಕ್ಕದ ಮನೆಯ ತಮಿಳಿನ ಅತ್ತೆ ದಿನಾ ಬಾಗಿಲಲ್ಲಿ ನಿಂತು "ಏನ್ ಪಾಪಾ, ಕಲೆಕ್ಟರ್ ಆಗ್ಬಿಟ್ಟು ನಮ್ಮನ್ನೆಲ್ಲ ಮರ್ತುಬಿಡಬೇಡ" ಎನ್ನುವಳು. ಕೀಟಲೆಯೇ. ಆದರೆ ನಾನು ಅದನ್ನು ನಿಜವೆಂದೇ ತೆಗೆದುಕೊಂಡು ಶಾಲೆಗೆ ಹೋಗುತ್ತಿದ್ದೆ.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಪರೀಕ್ಷೆಯಾದ ಮೇಲೆ ಮಾರ್ಕಿನ ಪ್ರಕಾರ ಬೆಂಚು ಬದಲಾಗುತ್ತಿತ್ತು. ಹೆಚ್ಚು ಬಂದವರು ಮುಂದೆ, ಕಡಿಮೆ ಬಂದವರು ಹಿಂದೆ. ಉಳಿದವರೆಲ್ಲ ಚೀಲ ಹೊತ್ತುಕೊಂಡು ಮುಂದಕ್ಕೂ ಹಿಂದಕ್ಕೂ ಓಡಾಡುತ್ತಿದ್ದರು. ಇಬ್ಬರು ಮಾತ್ರ ಕದಲುತ್ತಿರಲಿಲ್ಲ. ಮೊದಲ ಬೆಂಚಿನಲ್ಲಿ ನಾನು, ಅದೇ ಸಾಲಿನ ಕೊನೇ ಬೆಂಚಿನಲ್ಲಿ ಅವಳು. ಹೈಸ್ಕೂಲು ಮುಗಿಯುವವರೆಗೂ ಹಾಗೇ.

ಚಿತ್ರ ಬರೆಯುವುದರಲ್ಲೂ ನಾನೇ ಮುಂದೆ ಎಂದು ತಿಳಿದಿದ್ದೆ. ಡ್ರಾಯಿಂಗ್ ಪರೀಕ್ಷೆಯ ಲೋಯರ್, ಹೈಯರ್ ಎರಡನ್ನೂ ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದೆ. ನಡುವೆ ಗೆರೆ ಎಳೆದು, ಅರ್ಧ ಹೂಜಿ ಬರೆದು, ಇನ್ನರ್ಧವನ್ನು ಕೂದಲೆಳೆ ತಪ್ಪದಂತೆ ಆಚೆಗೆ ಇಳಿಸಿದರೆ ಮೇಷ್ಟರು ನನ್ನ ಹಾಳೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು. ಅವಳು ಆ ಪರೀಕ್ಷೆಗೆ ಕಟ್ಟಲೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು, ಮತ್ತೆ ಕಟ್ಟಿದಳು, ಮತ್ತೆ ಹೋಯಿತು, ಬಳೆ ಅಂಗಡಿಯಲ್ಲಿ ಕೂತಳು. ನಾನು ಪಾಸು ಮಾಡಿಕೊಂಡು ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಶಿವಮೊಗ್ಗದ ಕಾಲೇಜಿಗೆ ಹೋಗತೊಡಗಿದೆ. ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು ಎಂದುಕೊಂಡಿದ್ದೆ.

ಹಾಗಾಗಲಿಲ್ಲ. ದುರ್ಗಿಗುಡಿಯ ಒಂದು ಸಣ್ಣ ಪ್ರೆಸ್ಸಿನಿಂದ ಮಕ್ಕಳ ಮಾಸಪತ್ರಿಕೆಯೊಂದು ಬರುತ್ತಿತ್ತು. ನಾನು ಪಿಯುಸಿಯಲ್ಲಿದ್ದಾಗ ಅದರಲ್ಲಿ ಅವಳು ಬರೆದ ಕ್ಯಾರಿಯರ್ ಅಜ್ಜಿಯ ಚಿತ್ರಕಥೆ ಶುರುವಾಯಿತು. ಮನೆಮನೆಯಿಂದ ಊಟದ ಕ್ಯಾರಿಯರ್ ಎತ್ತಿಕೊಂಡು ಹೋಗಿ ಕಾರ್ಖಾನೆಯ ಗೇಟಿನಲ್ಲಿ ಕೆಲಸಗಾರರಿಗೆ ಮುಟ್ಟಿಸುವ ಒಬ್ಬ ಮುದುಕಿಯ ಕಥೆ. ದಾರಿಯಲ್ಲಿ ಅಜ್ಜಿ ಎಲ್ಲರ ಡಬ್ಬಿಯ ವಾಸನೆ ಹಿಡಿದೇ ಯಾರ ಮನೆಯಲ್ಲಿ ಜಗಳ, ಯಾರ ಮನೆಯಲ್ಲಿ ನೆಂಟರು ಎಂದು ಹೇಳಿಬಿಡುತ್ತಾಳೆ. ಆ ಅಜ್ಜಿಯ ಮುಖವನ್ನು ಯಾರೂ ನೋಡಿಲ್ಲ. ಎಲ್ಲವೂ ಬೆನ್ನು. ಅಜ್ಜಿಗೆ ಸಿಟ್ಟು ಬಂದರೆ ಸೆರಗಿನ ತುದಿ ಸೊಂಟದಲ್ಲಿ ಬಿಗಿಯುತ್ತದೆ, ಅಷ್ಟೇ. ನಗು ಬಂದರೆ ಹೆಗಲುಗಳು ಕಿವಿಯ ಹತ್ತಿರ ಹೋಗುತ್ತವೆ. ಶಿಫ್ಟಿನ ಸೈರನ್ ಆದಾಗ ಗೇಟಿನಿಂದ ಹೊರಬರುವ ಗಂಡಸರದೂ ಬೆನ್ನೇ. ಆದರೆ ಯಾರು ಕುಡಿದಿದ್ದಾನೆ, ಯಾರಿಗೆ ಸಂಬಳ ಬಂದಿದೆ ಎಂದು ಏಳು ವರ್ಷದ ಮಗುವೂ ಬೆರಳಿಟ್ಟು ತೋರಿಸುತ್ತಿತ್ತು.

ಪ್ರತಿ ಕಂತಿನ ಯಾವುದೋ ಮೂಲೆಯಲ್ಲಿ ಆ ಎರಡು ಜಡೆಯ ಹುಡುಗಿ ಇರುತ್ತಿದ್ದಳು. ಅವಳಿಗೆ ಮಾತಿಲ್ಲ, ಕಥೆಯಲ್ಲಿ ಕೆಲಸವಿಲ್ಲ. ನೆಟ್ಟಗೆ ನಿಂತು ಅಥವಾ ಕೂತು ಆಚೆ ಎಲ್ಲಿಗೋ ನೋಡುತ್ತಿರುತ್ತಾಳೆ. ಮಕ್ಕಳು ಮೊದಲು ಅವಳನ್ನು ಹುಡುಕಿ ಆಮೇಲೆ ಕಥೆ ಓದುತ್ತಿದ್ದರು. 'ಅಕ್ಕ ಯಾವಾಗ ತಿರುಗ್ತಾಳೆ?' ಎಂದು ಪತ್ರಿಕೆಗೆ ಕಾಗದಗಳು ಬರುತ್ತಿದ್ದವಂತೆ.

ನನ್ನ ಸಹಪಾಠಿಯ ಕೆಲಸದ ರೀತಿಯನ್ನು ಒಮ್ಮೆ ಬಳೆ ಅಂಗಡಿಯಲ್ಲೇ ನಿಂತು ನೋಡಿದ್ದೇನೆ. ಅಮ್ಮನಿಗೆ ಬಳೆ ತರುವ ನೆಪ ಮಾಡಿಕೊಂಡು ಹೋಗಿದ್ದೆ. ಬಿದಿರಿನ ಕಡ್ಡಿಯ ತುದಿಯನ್ನು ಹಲ್ಲಿನಲ್ಲಿ ಜಗಿದು ಕುಚ್ಚು ಮಾಡಿಕೊಂಡಿದ್ದಳು. ಅದನ್ನು ಕಪ್ಪು ಇಂಕಿನಲ್ಲಿ ಒಮ್ಮೆ ಅದ್ದಿದರೆ ಒಂದು ಬೆನ್ನು. ಕುತ್ತಿಗೆಯಲ್ಲಿ ದಪ್ಪಗೆ ಶುರುವಾದ ಗೆರೆ ಸೊಂಟಕ್ಕೆ ಬರುವಷ್ಟರಲ್ಲಿ ಒಣಗಿ, ಮೊಣಕಾಲಿನ ಹತ್ತಿರ ಬರೀ ಕೆರೆದ ಗುರುತಾಗಿ, ಪಾದ ಬರುವ ಮೊದಲೇ ಮುಗಿದುಹೋಗುತ್ತಿತ್ತು. ಎರಡನೇ ಸಲ ಅದ್ದುತ್ತಿರಲಿಲ್ಲ.

"ಕಾಲು ಬರಿಯಲ್ವಾ?" ಎಂದೆ.

"ಇಂಕ್ ಮುಗೀತಲ್ಲ ಮಾರಾಯ್ತಿ."

"ಇನ್ನೊಂದ್ ಸಲ ಅದ್ದು."

"ಯಾಕೆ? ನಡ್ಕೊಂಡು ಹೋಗೋದು ಕಾಣ್ತಾ ಇಲ್ವಾ ನಿಂಗೆ?"

ಕಾಣುತ್ತಿತ್ತು. ಅದೇ ನನ್ನ ಸಂಕಟ. ಪಾದವಿಲ್ಲದ ಆ ಮುದುಕಿ ಅಂಗಡಿಯ ಗಲ್ಲೆಯ ಮೇಲೆ, ಬಳೆ ಸುತ್ತುವ ಹಳೇ ಪೇಪರಿನ ಪಕ್ಕದಲ್ಲಿ, ನಡೆದುಕೊಂಡು ಹೋಗುತ್ತಲೇ ಇದ್ದಳು. ನನ್ನ ಫಸ್ಟ್ ಕ್ಲಾಸ್ ಹೂಜಿಗಳು ಯಾವತ್ತೂ ಇಟ್ಟ ಜಾಗದಿಂದ ಅಲ್ಲಾಡಿದ್ದಿಲ್ಲ.

ಬಿಎ ಎರಡನೇ ವರ್ಷದಲ್ಲಿ ನಾನೂ ಒಂದು ಚಿತ್ರಕಥೆ ಬರೆದು ಆ ಪ್ರೆಸ್ಸಿಗೆ ಒಯ್ದೆ. ಎರಡು ತಿಂಗಳ ಶ್ರಮ. ಸಂಪಾದಕರು ಕನ್ನಡಕ ಹಣೆಗೇರಿಸಿ ಒಂದೊಂದೇ ಹಾಳೆ ತಿರುವಿದರು.

"ಕೈ ಚೆನ್ನಾಗಿದೆ ಕಣಮ್ಮ. ಆದ್ರೆ ಎಲ್ಲಾ ಅವಳ ಥರಾನೇ ಇದೆ. ಅವಳೇ ಇದ್ದಾಳಲ್ಲ ನಮ್ಮ ಹತ್ರ."

"ನಾನು ಮುಖ ಬರ್ದಿದೀನಿ ಸಾರ್."

"ಹೂಂ, ಮುಖ ಇದೆ. ಬೆನ್ನಿಗೆ ಮುಖ ಅಂಟಿಸಿದ ಹಾಗಿದೆ."

ಅವರು ಕೆಟ್ಟವರಲ್ಲ, ಕಾಫಿ ತರಿಸಿಕೊಟ್ಟರು. ಮನೆಗೆ ಬಂದು ನೋಡಿದರೆ ನಿಜ. ನನಗೆ ಅರಿವಿಲ್ಲದೆಯೇ ನನ್ನ ಗೆರೆಗಳು ಕುತ್ತಿಗೆಯಲ್ಲಿ ದಪ್ಪಗೆ ಶುರುವಾಗಿ ಮೊಣಕಾಲಲ್ಲಿ ತೆಳ್ಳಗಾಗಿದ್ದವು. ನಾನು ಬರೆಯುತ್ತಿದ್ದುದು ಪೆನ್ನಿನಲ್ಲಿ. ಪೆನ್ನಿನಲ್ಲಿ ಇಂಕು ಮುಗಿಯುವುದೇ ಇಲ್ಲ. ಮುಗಿದ ಹಾಗೆ ನಟಿಸಿದ್ದೆ.

ಆಗಿನಿಂದ ನನಗೆ ಬೇಕಾಗಿದ್ದು ಒಂದೇ. ನಾನು ಬರೆದ ಒಂದು ಚಿತ್ರ, ಒಂದೇ ಒಂದು, ಯಾರ ಕಣ್ಣಿಗೆ ಬಿದ್ದರೂ ಅವರ ಬಾಯಲ್ಲಿ 'ಅವಳ ಥರ' ಎಂಬ ಮಾತು ಬರಬಾರದು.

ಅದು ಎಷ್ಟು ಕಷ್ಟ ಎಂದು ಆ ವರ್ಷಗಳಲ್ಲಿ ಇಲ್ಲಿ ಬದುಕಿದವರಿಗೇ ಗೊತ್ತು. ಅಂಗನವಾಡಿಯ ಗೋಡೆಯ ಮೇಲೆ ಅವಳ ಬೆನ್ನುಗಳು. ಗಣಪತಿ ಪೆಂಡಾಲಿನ ಪರದೆಯಲ್ಲಿ ಭಕ್ತಾದಿಗಳೆಲ್ಲ ನಮಗೆ ಬೆನ್ನು ಹಾಕಿ ನಿಂತಿದ್ದರು. ಕಟಿಂಗ್ ಶಾಪಿನವನೊಬ್ಬ ಬೋರ್ಡಿನಲ್ಲಿ ತಲೆಯ ಹಿಂಭಾಗವನ್ನೇ ಬರೆಸಿಕೊಂಡು, ಕೇಳಿದವರಿಗೆ "ನಾವ್ ಕೆಲ್ಸ ಮಾಡೋದೇ ಹಿಂದ್ಗಡೆಯಿಂದ ಅಲ್ವಾ ಸಾರ್" ಎನ್ನುತ್ತಿದ್ದ. ಬೋರ್ಡ್ ಬರೆಯುವ ಹುಡುಗರು ಒಳ್ಳೆ ಎನಾಮೆಲ್ ಪೇಂಟಿನಲ್ಲಿ ಬರೆಯುತ್ತಾ, ಮೊಣಕಾಲಿನ ಹತ್ತಿರ ಬೇಕೆಂದೇ ಬ್ರಷ್ಷನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದರು. ಜಗಿದ ಬಿದಿರ ಕಡ್ಡಿಯ ಬಡತನವನ್ನು ಇಡೀ ಜಿಲ್ಲೆ ಶೈಲಿ ಎಂದು ಕಲಿಯುತ್ತಿತ್ತು. ನನ್ನನ್ನು ನೋಡಲು ಬಂದ ವರ, ಬಿಎ ಬಿಎಡ್ ಮಾಡಿದ ಹುಡುಗಿಯನ್ನು ಕೇಳಿದ ಮೊದಲ ಪ್ರಶ್ನೆ "ಭದ್ರಾವತಿ ಅಂದ್ರಿ, ಕ್ಯಾರಿಯರ್ ಅಜ್ಜಿ ಬರೆಯೋರು ನಿಮಗೆ ಗೊತ್ತಾ?" ಎಂದು. ಮದುವೆಯಾದೆ, ಒಳ್ಳೆಯ ಮನುಷ್ಯ. ಆ ಪ್ರಶ್ನೆಯನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ನನ್ನ ಹತ್ತಿರ ಒಂದೇ ಒಂದು ಅಸ್ತ್ರ ಇತ್ತು. ಯಾರಾದರೂ ಅವಳನ್ನು ಹೊಗಳಿದರೆ ಆ ಹುಡುಗಿಯ ಜಡೆ ತೋರಿಸಿ "ಎಲ್ಲಾ ಸರಿ, ಆದ್ರೆ ಸಿಮೆಟ್ರಿ ಗೊತ್ತಿಲ್ಲ ನೋಡಿ. ಒಂದು ಮೇಲೆ, ಒಂದು ಕೆಳಗೆ. ಡ್ರಾಯಿಂಗ್ ಪರೀಕ್ಷೆ ಕಟ್ಟಿಲ್ಲ ಪಾಪ" ಎನ್ನುತ್ತಿದ್ದೆ. ದುರ್ಗಿಗುಡಿಯಲ್ಲಿ ಮನೆ ಮಾಡಿ, ಹತ್ತಿರದ ಒಂದು ಹೈಸ್ಕೂಲಿನಲ್ಲಿ ಟೀಚರಾದ ಮೇಲೆ ಇದನ್ನು ಕ್ಲಾಸಿನಲ್ಲೂ ಹೇಳಿದ್ದೇನೆ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಆ ಜಡೆಗಳನ್ನು ಬರೆದು, ಸ್ಕೇಲಿಟ್ಟು ವ್ಯತ್ಯಾಸ ತೋರಿಸಿ. ಮಕ್ಕಳು ತಲೆಯಾಡಿಸಿ, ಬೆಲ್ಲು ಹೊಡೆದ ಮೇಲೆ ನೋಟ್ಸಿನ ಕೊನೇ ಪುಟದಲ್ಲಿ ಅದನ್ನೇ ಬರೆಯುತ್ತಿದ್ದರು, ಏರುಪೇರಾಗಿಯೇ.

ಎರಡು ಸಾವಿರದ ಇಸವಿಯ ಈಚೆಗೆ, ಅಲ್ಲಿಯವರೆಗಿನ ಅವಳ ಕಂತುಗಳೆಲ್ಲ ಸೇರಿ ಪುಸ್ತಕವಾಯಿತು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಅವಳನ್ನು ಅತಿಥಿಯಾಗಿ ಕರೆದರು. ಹೆಡ್ ಮಿಸ್ಸು ನನ್ನನ್ನು ಕರೆದು "ನಿಮ್ಮ ಕ್ಲಾಸ್‌ಮೇಟಂತೆ! ಹೇಳೇ ಇಲ್ವಲ್ರೀ. ಅತಿಥಿ ಪರಿಚಯ ನೀವೇ ಮಾಡ್ಬೇಕು" ಎಂದರು.

ಸಮಾರಂಭದ ಹಿಂದಿನ ಭಾನುವಾರ ಊಟದ ನಂತರ ಆ ಪುಸ್ತಕ ಮುಂದಿಟ್ಟುಕೊಂಡು ಪರಿಚಯ ಬರೆಯಲು ಕೂತೆ. ಅಪ್ಪ ರಿಟೈರಾಗಿದ್ದರು, ನಮ್ಮ ಮನೆಗೆ ಬಂದಿದ್ದರು. ಅವರಿಗೆ ಓದು ಅಷ್ಟಕ್ಕಷ್ಟೇ, ಚಿತ್ರ ನೋಡುತ್ತಾರೆ. ನಾನು ಗೊಣಗುತ್ತಲೇ ಇದ್ದೆ. "ಏನಂತ ಬರೀಲಿ ಅಪ್ಪಾ? ಎರಡು ಜಡೆ ಸಮ ಹಾಕೋಕೆ ಬರಲ್ಲ, ಇವಳಿಗೆ ಶಾಲು ಹೊದಿಸ್ಬೇಕು!"

ಅಪ್ಪ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಕಣ್ಣಿನಿಂದ ದೂರ ಹಿಡಿದು ನೋಡಿದರು. ಆಮೇಲೆ ನಗತೊಡಗಿದರು.

"ಸಮ ಹೆಂಗೆ ಬರ್ತದೆ? ನಾನು ಹಾಕಿದ್ದಲ್ವಾ ಇದು!"

"ಏನು ಹಾಕಿದ್ದು?"

"ಜಡೆ ಕಣೇ. ನಿಂದೇ ಇದು. ರಾತ್ರಿಯೆಲ್ಲ ಸರ್ಕು ಕಟ್ಟಿ ಬಂದಿರ್ತಿದ್ದೆ, ಬಲಗೈ ಎತ್ತೋಕಾಗ್ತಿರ್ಲಿಲ್ಲ. ಆ ಕಡೇದು ಇಳಿದೇ ಇಳೀತಿತ್ತು. ಇಲ್ನೋಡು, ರಿಬ್ಬನ್ನು. ಯಾವ ತಾಯಿ ಹೂವಿನ ಥರ ಕಟ್ಟದೆ ಹಿಂಗೆ ಕಟ್ತಾಳೆ? ಇದು ಕ್ರೇನಿನ ಗಂಟು. ಎಷ್ಟು ಎಳೆದ್ರೂ ಬಿಚ್ಚಲ್ಲ. ಸಂಜೆ ಬಂದು ನಿಮ್ಮಮ್ಮನ ಹತ್ರ ಕತ್ರಿ ಹಾಕಿಸ್ಕೊಂಡು ಅಳ್ತಿದ್ದೆ, ಮರ್ತುಹೋಯ್ತಾ?"

ಅಳುತ್ತಿದ್ದುದು ನೆನಪಿತ್ತು. ಗಂಟು ಹೇಗಿತ್ತು ಎಂದು ನಾನು ಕಂಡಿರಲಿಲ್ಲ. ನಮ್ಮ ಮನೆಯಲ್ಲಿದ್ದ ಕನ್ನಡಿ ಅಂಗೈಯಗಲದ್ದು, ಬೈತಲೆ ನೋಡಿಕೊಳ್ಳುವಷ್ಟು. ಹತ್ತು ವರ್ಷ ನಾನು ಆ ಬೆನ್ನನ್ನು ದ್ವೇಷದಿಂದ ನೋಡಿದ್ದೆ, ಕದ್ದು ನಕಲು ಮಾಡಿದ್ದೆ, ಸ್ಕೇಲಿಟ್ಟು ಅಳೆದಿದ್ದೆ. ಅದು ನನ್ನದೇ ಎಂದು ಹೊಳೆದಿರಲಿಲ್ಲ. ಯಾರಿಗೆ ಹೊಳೆಯುತ್ತದೆ?

ಸಮಾಧಾನ ಆಗಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಆಗಲಿಲ್ಲ. ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಆಟೋಗಳ ಹಿಂದೆ, ಗೋಡೆಗಳ ಮೇಲೆ ಇಷ್ಟು ವರ್ಷ ತಿರುಗಾಡಿದ್ದು ನಾನು. ಶಾಲು ಅವಳಿಗೆ.

ವೇದಿಕೆಯ ಮೇಲೆ ಪರಿಚಯವನ್ನು ಚುಟುಕಾಗಿ ಮುಗಿಸಿದೆ. ಜಡೆಯ ವಿಷಯ ಎತ್ತಲಿಲ್ಲ, ಸಿಮೆಟ್ರಿಯದೂ ಇಲ್ಲ. ಅವಳು ಮಕ್ಕಳ ಮುಂದೆ ಬೋರ್ಡಿನ ಮೇಲೆ ಒದ್ದೆ ಬಟ್ಟೆಯಲ್ಲಿ ಅಜ್ಜಿಯನ್ನು ಬರೆದಳು. ಬರೆಯುತ್ತಿದ್ದಂತೆ ಒಣಗಿ ಮಾಯವಾಯಿತು, ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಸಿಕ್ಕಾಗ, ಬಾಗಿಲು ಅರ್ಧ ಮುಂದೆ ಮಾಡಿ ಕೇಳಿಯೇಬಿಟ್ಟೆ.

"ಆ ಜಡೆ ನಂದಾ?"

ಅವಳು ಬೋಂಡ ಮುರಿಯುತ್ತಿದ್ದಳು. "ಇನ್ಯಾರ್ದು ಮತ್ತೆ? ಇವತ್ತು ಗೊತ್ತಾಯ್ತಾ ಡಿಗ್ರಿ ಮೇಡಂಗೆ?"

"ಒಂದು ಮಾತು ಹೇಳ್ಬಾರ್ದಿತ್ತಾ?"

"ನಿಂಗೆ ಗೊತ್ತು, ಅದ್ಕೇ ಮುಖ ಊದಿಸ್ಕೊಂಡಿದೀಯ ಅಂದ್ಕೊಂಡಿದ್ದೆ. ಅಂಗಡಿಗೆ ಬಂದಾಗ್ಲೂ ದುರುಗುಟ್ಕೊಂಡು ನೋಡ್ತಿದ್ದೆ. ಇವತ್ತು ಹೊಡೀತಾಳೆ, ನಾಳೆ ಹೊಡೀತಾಳೆ ಅಂತ ಕಾದೆ ಮಾರಾಯ್ತಿ."

"ಮುಖ ಯಾಕೆ ಬರೀಲಿಲ್ಲ?"

"ನೋಡಿದ್ರೆ ತಾನೆ ಬರಿಯೋದು? ಹೈಸ್ಕೂಲ್ ಪೂರ್ತಿ ನಿನ್ನ ಹಿಂದೆ ಕೂತಿದ್ದೆ. ರಬ್ಬರ್ ಕೇಳಿ ಕಳ್ಸಿದ್ರೆ ಕೈ ಮಾತ್ರ ಹಿಂದಕ್ಕೆ ಚಾಚ್ತಿದ್ದೆ. ಕಾಗೆ ಕ್ಲಾಸೊಳಗೆ ನುಗ್ಗಿತ್ತಲ್ಲ, ಎಲ್ರೂ ಕಿರುಚ್ಕೊಂಡು ತಿರುಗಿದ್ರು. ನೀನು ಬೋರ್ಡಲ್ಲಿದ್ದ ಲೆಕ್ಕ ಬರ್ಕೋತಿದ್ದೆ. ಅವತ್ತೇ ಮೊದಲ್ನೇ ಸಲ ನಿನ್ನ ಬರ್ದಿದ್ದು. ಎಂಥಾ ಬೆನ್ನು ಕಣೇ ಅದು!"

ಅವಳು ಆಡಿಕೊಳ್ಳುತ್ತಿದ್ದಳೋ ಹೊಗಳುತ್ತಿದ್ದಳೋ ತಿಳಿಯಲಿಲ್ಲ. ನಾನು ತಿರುಗದೆ ಇದ್ದದ್ದು ನಿಜ. ತಿರುಗಿದ್ದರೆ ಇವತ್ತು ಆ ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಇರುತ್ತಿರಲಿಲ್ಲ. ಅವಳಿಗೆ ಗಣಿತ ಹೋದರೆ ಕೂರಲು ಬಳೆ ಅಂಗಡಿ ಇತ್ತು. ನನಗೆ ಹೋದರೆ ಅಮ್ಮನ ಪೊರಕೆ ಇತ್ತು. ಕಾಗೆ ನೋಡುವಷ್ಟು ಪುರುಸೊತ್ತು ನನಗೆ ಯಾರೂ ಕೊಟ್ಟಿರಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ.

ಅವಳು ಬೋಂಡ ಕೆಳಗಿಟ್ಟಳು. "ಅದ್ಕೇ ಕಣೆ ಬರ್ದಿದ್ದು" ಎಂದಳು. ಆಮೇಲೆ, ಹಳೇ ಚಾಳಿಯಂತೆ, "ಬೇಕಾದ್ರೆ ಮುಂದಿನ ತಿಂಗಳು ತಿರುಗಿಸ್ಲಾ? ಮಕ್ಳು ಕಾಯ್ತಾ ಇದಾರೆ" ಎಂದಳು.

"ತಿರುಗಿಸಿದ್ರೆ ನೋಡು! ಮುಖ ನಂದು. ನಾನೇ ಬರೀತೀನಿ."

"ಬರಿ ಬರಿ. ಬೆನ್ನೂ ನಿಂದೇ ಆಗಿತ್ತು, ಇಷ್ಟು ದಿನ ಸುಮ್ನೆ ಬಿಟ್ಟಿದ್ದೆ."

ಬರೆಯಲು ಕೂತಾಗ ಗೊತ್ತಾಯಿತು, ನನಗೆ ಬೆನ್ನು ಬಾರದ್ದು ಯಾಕೆ ಎಂದು. ನಾನು ಬೆನ್ನುಗಳನ್ನು ನೋಡಿದವಳೇ ಅಲ್ಲ. ಹುಡುಗಿಯಾಗಿದ್ದಾಗ ನನ್ನ ಮುಂದೆ ಬೋರ್ಡು ಮತ್ತು ಮೇಷ್ಟರ ಮುಖ. ಟೀಚರಾದ ಮೇಲೆ ನನ್ನ ಮುಂದೆ ಇಡೀ ಕ್ಲಾಸಿನ ಮುಖಗಳು. ಬೋರ್ಡಿನ ಕಡೆಯಿಂದ ಕಾಣುವ ಕ್ಲಾಸನ್ನು ಬರೆದೆ. ಮೊದಲ ಬೆಂಚಿನಲ್ಲಿ ಒಬ್ಬಳು ಹುಡುಗಿ, ತುಟಿ ಬಿಗಿದುಕೊಂಡು, ಕಣ್ಣು ಕಿತ್ತುಬರುವಂತೆ ನೋಡುತ್ತಿದ್ದಾಳೆ. ಚೆಂದದ ಮುಖವಲ್ಲ, ಹಟದ ಮುಖ. ಒಂದು ಹೆಗಲ ಮೇಲಿಂದ ರಿಬ್ಬನ್ನಿನ ಗಂಟು ಇಣುಕುತ್ತದೆ, ಇನ್ನೊಂದು ಕಡೆ ಇಣುಕುವುದಿಲ್ಲ. ಬೆಂಚಿನ ಕೆಳಗೆ ಪಾದಗಳನ್ನು ಬರೆದೆ. ಚಪ್ಪಲಿಯಿಲ್ಲದ, ಹೆಬ್ಬೆರಳನ್ನು ನೆಲಕ್ಕೆ ಒತ್ತಿ ಹಿಡಿದ ಪಾದಗಳು. ಪೆನ್ನಿನಲ್ಲಿ ಇಂಕು ಬೇಕಾದಷ್ಟಿತ್ತು, ಹತ್ತು ಬೆರಳಿಗೂ ಉಗುರು ಬರೆದೆ. ಎಲ್ಲರ ಹಿಂದೆ, ಕೊನೇ ಬೆಂಚಿನಲ್ಲಿ, ತಲೆ ಬಗ್ಗಿಸಿ ಏನೋ ಗೀಚುತ್ತಿರುವ ಒಬ್ಬಳು, ಅವಳ ನೆತ್ತಿ ಮಾತ್ರ.

ಸಂಪಾದಕರು ಈ ಸಲ ಕನ್ನಡಕ ಹಣೆಗೇರಿಸಲಿಲ್ಲ. "ಇಟ್ಟು ಹೋಗಮ್ಮ" ಎಂದರು. ಒಳಪುಟದಲ್ಲಿ ಬಂತು. ಹಿಂಬದಿಯ ರಕ್ಷಾಪುಟದಲ್ಲಿ ಎಂದಿನಂತೆ ಅವಳ ಅಜ್ಜಿ. ಪತ್ರಿಕೆ ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ತಿರುಗಿಸಿ ನೋಡುವುದು ಹಿಂಬದಿಯನ್ನೇ. ಸುಳ್ಳು ಹೇಳುವುದಿಲ್ಲ, ನಾನೂ ಅದನ್ನೇ ಮೊದಲು ನೋಡಿದೆ. ಚೆನ್ನಾಗಿತ್ತು, ಹಾಳಾದ್ದು. ಅಜ್ಜಿ ಗೇಟಿನ ಹತ್ತಿರ ನಿಂತಿದ್ದಳು, ಸೈರನ್ ಇನ್ನೂ ಆಗಿಲ್ಲ ಎನ್ನುವುದು ಅವಳ ಮೊಣಕೈಯಿಂದಲೇ ತಿಳಿಯುತ್ತಿತ್ತು.

ಮರುದಿನ ಎಂಟನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಪತ್ರಿಕೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಹೇಳಲೋ ಬೇಡವೋ ಎನ್ನುವಂತೆ ನಿಂತಿದ್ದಳು.

"ಮಿಸ್, ನೀವು ಬರ್ದಿದ್ದು ನೋಡ್ದೆ."

"ಹೂಂ, ಹೇಗಿದೆ?"

"ಮಿಸ್, ಅದು..." ಗೆಳತಿಯರ ಕಡೆ ಒಮ್ಮೆ ನೋಡಿ, ನನಗೆ ಕಡಿಮೆ ಮಾರ್ಕು ಬಂದ ಸುದ್ದಿ ಹೇಳುವವಳಂತೆ ದನಿ ತಗ್ಗಿಸಿದಳು. "ಅವರ ಥರ ಇಲ್ವೇ ಇಲ್ಲ ಮಿಸ್."

"ಒಂಚೂರೂ ಇಲ್ವಾ?"

"ಒಂಚೂರೂ ಇಲ್ಲ. ಬೇಜಾರ್ ಮಾಡ್ಕೋಬೇಡಿ ಮಿಸ್."

ನಾನು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ.

"ಇನ್ನೊಂದ್ಸಲ ಹೇಳು" ಎಂದೆ.